ನಾರು ಬಲ ಕೊಡುವುದು ಅಂಟಿಕೊಂಡಾಗ ಮಾತ್ರ

ಮಾನ್ಯ ಸಂಪಾದಕರೇ,

ಕೃಷಿ ತ್ಯಾಜ್ಯದ ನಾರನ್ನು ಬೆರೆಸಿ ಪ್ಲಾಸ್ಟಿಕ್ಕನ್ನು ಗಟ್ಟಿಗೊಳಿಸುವ ಪ್ರಯತ್ನಗಳ ಕುರಿತು ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತಿರುವುದು ಸಂತೋಷದ ವಿಷಯ. ಆದರೆ ಗೊನೆ ಕಡಿದ ಮೇಲೆ ಉಳಿಯುವ ಬಾಳೆಯ ಕಾಂಡ, ಅನಾನಸಿನ ಎಲೆ, ಕಬ್ಬಿನ ಸಿಪ್ಪೆ ಮುಂತಾದವುಗಳಿಂದ ನಾರು ತೆಗೆದು ಬೆರೆಸಿದೊಡನೆ ಪ್ಲಾಸ್ಟಿಕ್‌ಗೆ ತಾನಾಗಿಯೇ ಬಲ ಬರುತ್ತದೆ ಎಂಬ ಭಾವನೆಯನ್ನು ಇಂಥ ಬರಹಗಳು ಮೂಡಿಸುತ್ತವೆ. ನಾರೂ ಪ್ಲಾಸ್ಟಿಕ್ಕೂ ಒಂದನ್ನೊಂದು ತಾಗುವ ಮೇಲ್ಮೈಯಲ್ಲೇ ಈ ವಿದ್ಯೆಯ ಗುಟ್ಟೆಲ್ಲ ಇದೆ. ಅದರ ಪ್ರಸ್ತಾಪವೇ ಇರುವುದಿಲ್ಲ.

ನಾರಿನ ಬಲಕ್ಕೆ ಮುಖ್ಯ ಕಾರಣ ಅದರಲ್ಲಿರುವ ಸೆಲ್ಯುಲೋಸ್. ಅದಕ್ಕೆ ನೀರೆಂದರೆ ಒಲವು. ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್‌ಗೆ ನೀರು ಆಗದು. ಹೀಗಾಗಿ ಎರಡನ್ನೂ ಸುಮ್ಮನೆ ಬೆರೆಸಿ ಅಚ್ಚು ಹಾಕಿದರೆ, ಎಳೆತಕ್ಕೆ ಸಿಕ್ಕಾಗ ನಾರು ಭಾರ ಹೊರುವ ಬದಲು ಒರೆಯಿಂದ ಕತ್ತಿ ಜಾರುವಂತೆ ಹೊರಬರುತ್ತದೆ, ಮತ್ತು ಕೆಲವೊಮ್ಮೆ ಆ ವಸ್ತು ಬರಿಯ ಪ್ಲಾಸ್ಟಿಕ್‌ಗಿಂತಲೂ ದುರ್ಬಲವಾಗುತ್ತದೆ. ಇದನ್ನು ತಪ್ಪಿಸಲು ನಾರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಮೇಣವನ್ನೂ ಲಿಗ್ನಿನ್ ಎಂಬ ಸಹಜ ಅಂಟಿನ ಒಂದಂಶವನ್ನೂ ಕಳೆಯುತ್ತಾರೆ. ದ್ರಾವಣ ತೀರಾ ಪ್ರಬಲವಾದರೆ ನಾರೇ ಸೊರಗುತ್ತದೆ. ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ಸ್ವಲ್ಪ ಸೇರಿಸಿದರೆ ಅದು ನಾರನ್ನೂ ಪ್ಲಾಸ್ಟಿಕ್ಕನ್ನೂ ಬೆಸೆಯುತ್ತದೆ. (ನಾರು ತೊಳೆದ ಕ್ಷಾರದ ನೀರು ಎಲ್ಲಿಗೆ ಹೋಯಿತೆಂದು ‘ಪರಿಸರಸ್ನೇಹಿ’ ಎಂದು ಬರೆಯುವವರು ಒಮ್ಮೆ ಕೇಳಬೇಕು.)

ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಸ್ಯನಾರು ಕಂದಲಾರಂಭಿಸುವುದರಿಂದ ಹೆಚ್ಚು ಶಾಖದಲ್ಲಿ ಕರಗುವ ಪ್ಲಾಸ್ಟಿಕ್‌ಗಳೊಂದಿಗೆ ಅದನ್ನು ಬಳಸುವುದು ಕಷ್ಟ.

ಇಷ್ಟೆಲ್ಲ ಹೇಳಿದರೂ ಸಸ್ಯನಾರಿನ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ಪ್ಲಾಸ್ಟಿಕ್ಕನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ ಬೆರೆಸುವ ಗಾಜಿನ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ ಇದ್ದರೆ ಸಸ್ಯನಾರಿನದು ಬಹುಮಟ್ಟಿಗೆ 1.2ರಿಂದ 1.5 ಗ್ರಾಂ. ತೂಕಕ್ಕೆ ತಕ್ಕ ಬಿಗುವನ್ನು (ಸುಲಭವಾಗಿ ಬಾಗದ, ಹಿಗ್ಗದ ಗುಣವನ್ನು) ಲೆಕ್ಕ ಹಾಕಿದರೆ ಸೆಣಬು, ಅಗಸೆಯಂಥ ನಾರುಗಳು ಗಾಜಿಗೆ ಸಾಟಿಯಾಗಿ ನಿಲ್ಲಬಲ್ಲವು. ಕಾರಿನ ಬಾಗಿಲ ಒಳಹೊದಿಕೆಗೆ ಸಸ್ಯನಾರು ಸಲ್ಲುತ್ತಿರುವುದು ಇದರಿಂದಲೇ. ಆದರೆ ತೇವ ಹೀರಿದಾಗ ನಾರು ಉಬ್ಬಿ, ಒಣಗಿದಾಗ ಕುಗ್ಗಿ, ಅಂಟಿದ ಮೇಲ್ಮೈ ಬಿರುಕು ಬಿಡುತ್ತದೆ. ಆದ್ದರಿಂದ ಒಣ ಮಾದರಿಯ ಬಲವನ್ನಷ್ಟೇ ಪ್ರಕಟಿಸುವುದು ಅರ್ಧಸತ್ಯ. ನೀರಿನಲ್ಲಿ ನೆನೆಸಿದ ಬಳಿಕದ ಅಂಕಿಯೂ ಜೊತೆಗಿರಬೇಕು.

ಇನ್ನು ಇಂಥ ಬರಹಗಳಿಗೆ ಕೊಡುವ ‘ಮಣ್ಣಲ್ಲಿ ಮಣ್ಣಾಗುವ ಪ್ಲಾಸ್ಟಿಕ್’ ಎಂಬಂಥ ಶೀರ್ಷಿಕೆಯ ವಿಚಾರ. ನಾರು ಕೊಳೆಯುವುದು ನಿಜ, ಅದನ್ನು ಸುತ್ತುವರಿದ ಪಾಲಿಪ್ರೊಪಿಲೀನ್ ಕೊಳೆಯುವುದಿಲ್ಲ. ನಾರು ಬೆರೆತ ಮಾತ್ರಕ್ಕೆ ವಸ್ತು ಮಣ್ಣಾಗದು ಎಂಬುದಕ್ಕೆ ಹಳೆಯದೊಂದು ಉದಾಹರಣೆಯಿದೆ: ಪೂರ್ವ ಜರ್ಮನಿಯಲ್ಲಿ 1957ರಿಂದ ತಯಾರಾದ ಟ್ರಾಬಾಂಟ್ ಕಾರಿನ ಹೊರಮೈ ಹತ್ತಿಯ ತ್ಯಾಜ್ಯ ನಾರು ಮತ್ತು ಫೀನಾಲಿಕ್ ರಾಳವೆಂಬ ಪ್ಲಾಸ್ಟಿಕ್‌ನಿಂದ ಆದದ್ದು. 1991ರಲ್ಲಿ ತಯಾರಿಕೆ ನಿಂತ ಮೇಲೆ, ಮತ್ತೆ ಕರಗಿಸಲಾಗದ ಆ ಹೊದಿಕೆಗಳ ವಿಲೇವಾರಿಯೇ ತಲೆನೋವಾಯಿತು.

ಇಂತಿ,
ಓರ್ವ ಓದುಗ