ಮೆನಿನ್ ಗೇಟ್‌ಗೆ ಮಧ್ಯಾಹ್ನ ಹೋದರೆ ನೋಡುವುದೇನು?

ಮಾನ್ಯ ಸಂಪಾದಕರೇ,

ಯುರೋಪ್ ಪ್ಯಾಕೇಜ್ ಟೂರ್‌ಗಳ ಕೆಲವು ಕರಪತ್ರಗಳಲ್ಲಿ ‘ಮೊದಲ ಮಹಾಯುದ್ಧದ ಸ್ಮಾರಕ ವೀಕ್ಷಣೆ’ ಎಂಬ ಸಾಲಿರುತ್ತದೆ. ಬ್ರೂಜ್‌ನಿಂದ ಪ್ಯಾರಿಸ್‌ಗೆ ಹೋಗುವಾಗ ಬೆಲ್ಜಿಯಂನ ಈಪರ್ ಪಟ್ಟಣದಲ್ಲಿ ಮುಕ್ಕಾಲು ಗಂಟೆ ಬಸ್ ನಿಲ್ಲಿಸಿ, ಮೆನಿನ್ ಗೇಟ್ ಎದುರು ಗುಂಪು ಫೋಟೊ ತೆಗೆಸಿ ಮತ್ತೆ ಬಸ್ ಹತ್ತಿಸುವುದಕ್ಕೆ ಇಟ್ಟ ಹೆಸರು ಅದು. ಹಗಲಿನಲ್ಲಿ ಮೆನಿನ್ ಗೇಟ್ ಎಂದರೆ ಕೆಳಗೆ ಕಾರು, ಸೈಕಲ್ ಓಡಾಡುವ ಒಂದು ದೊಡ್ಡ ಕಮಾನು, ಅಷ್ಟೇ. ಅಲ್ಲಿ ನೋಡಬೇಕಾದದ್ದು ನಡೆಯುವುದು ರಾತ್ರಿ ಎಂಟಕ್ಕೆ. ಹಾಗಾಗಿ ಈಪರ್‌ಗೆ ಒಂದು ರಾತ್ರಿ ಕೊಡಲೇಬೇಕು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರ ಹೋರಾಡಿ ಮಡಿದ, ಸಮಾಧಿಯೂ ಗೊತ್ತಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಆ ಕಮಾನಿನ ಗೋಡೆಗಳಲ್ಲಿವೆ. 1927ರಲ್ಲಿ ಉದ್ಘಾಟನೆಯಾಯಿತು. ಮಡಿದವರ ಗೌರವಾರ್ಥ ರಾತ್ರಿ ಎಂಟಕ್ಕೆ ಊದುವ, ಮರುವರ್ಷ ಶುರುವಾದ ‘ಲಾಸ್ಟ್ ಪೋಸ್ಟ್’ ಕಹಳೆ, ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನರ ಕೈಯಲ್ಲಿದ್ದ ನಾಲ್ಕು ವರ್ಷ ಬಿಟ್ಟರೆ, ಇಂದಿಗೂ ನಿತ್ಯ ನಡೆದುಕೊಂಡು ಬಂದಿದೆ. ಎಂಟಕ್ಕೆ ಸ್ವಲ್ಪ ಮುಂಚೆ ರಸ್ತೆ ಬಂದ್ ಆಗುತ್ತದೆ. ಕಹಳೆ ಊದುವವರು ಸ್ಥಳೀಯ ಅಗ್ನಿಶಾಮಕ ದಳದ ಸ್ವಯಂಸೇವಕರು. ಆ ಸದ್ದು ಕಮಾನಿನ ಒಳಛಾವಣಿಗೆ ಬಡಿದು ಹಿಂದಿರುಗುವಾಗ ಇಡೀ ರಸ್ತೆ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಟಿಕೆಟ್ ಇಲ್ಲ, ಕುರ್ಚಿಯೂ ಇಲ್ಲ. ಬೇಸಿಗೆಯಲ್ಲಿ ಏಳೂಕಾಲಿಗೆ ಹೋಗದಿದ್ದರೆ ಮುಂದಿನವರ ಬೆನ್ನು ನೋಡಿಕೊಂಡು ಬರಬೇಕಾದೀತು. ಮುಗಿದ ಮೇಲೆ ಚಪ್ಪಾಳೆ ತಟ್ಟಬಾರದು. ನಮ್ಮವರು ಅಭ್ಯಾಸಬಲದಿಂದ ತಪ್ಪುವುದು ಇಲ್ಲೇ. ಹೂಚಕ್ರ ಇಡುವ ಆಸೆಯಿದ್ದರೆ ಕಾರ್ಯಕ್ರಮ ನಡೆಸುವ ಸಂಸ್ಥೆಗೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕು.

ತಲುಪುವುದು ಸುಲಭ, ಹೆಸರುಗಳದ್ದೇ ಗೊಂದಲ. ಫ್ರೆಂಚ್‌ನಲ್ಲಿ ‘ಈಪ್ರ್’ ಎನ್ನುವ ಊರಿಗೆ ಅಲ್ಲಿನ ಡಚ್ ಮಾತಿನಲ್ಲಿ ‘ಈಪರ್’ ಎಂದು ಹೆಸರು. ರೈಲು ನಿಲ್ದಾಣದ ಫಲಕದಲ್ಲಿರುವುದು ಇದೊಂದೇ. ಹಾಗೆಯೇ ದಾರಿಯಲ್ಲಿ ಸಿಗುವ, ಫ್ರೆಂಚ್‌ನಲ್ಲಿ ಕೂರ್ಟ್ರೆ ಎನ್ನುವ ಊರು ಡಚ್‌ನಲ್ಲಿ ಕೋರ್ಟ್ರೈಕ್. ಫ್ರಾನ್ಸಿನ ಲೀಲ್‌ಗೆ ಹೋಗುವವರು ಬೆಲ್ಜಿಯಂ ಹೆದ್ದಾರಿಯಲ್ಲಿ ‘ರೈಸೆಲ್’ ಎಂಬ ಫಲಕ ನೋಡಿ ದಾರಿ ತಪ್ಪಿತೆಂದು ಗಾಬರಿಯಾಗಬೇಕಿಲ್ಲ. ಎರಡೂ ಒಂದೇ ಊರು. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ, ಸೀಟು ಕಾದಿರಿಸಬೇಕಿಲ್ಲ. ಬ್ರೂಜ್‌ನಿಂದ ಬರುವವರು ಕೋರ್ಟ್ರೈಕ್‌ನಲ್ಲಿ ರೈಲು ಬದಲಿಸಬೇಕು. ನಿಲ್ದಾಣದಿಂದ ಊರ ಚೌಕಕ್ಕೆ ಹತ್ತು ನಿಮಿಷದ ನಡಿಗೆ. ಚೌಕದ ಕ್ಲಾತ್ ಹಾಲ್ ಅನ್ನು, ಅಂದರೆ ಹಿಂದೆ ಬಟ್ಟೆ ವ್ಯಾಪಾರ ನಡೆಯುತ್ತಿದ್ದ ದೊಡ್ಡ ಕಟ್ಟಡವನ್ನು, 13ನೇ ಶತಮಾನದ್ದೆಂದು ಗೈಡುಗಳು ತೋರಿಸುತ್ತಾರೆ. 1914–18ರ ಷೆಲ್ ದಾಳಿಯಲ್ಲಿ ನೆಲಸಮವಾದ ಅದನ್ನು ಮತ್ತೆ ಕಟ್ಟಿ ಮುಗಿಸಿದ್ದು 1967ರಲ್ಲಿ ಎಂಬುದನ್ನೂ ಹೇಳಿದರೆ ಒಳ್ಳೆಯದು. ಅದರೊಳಗಿನ ಯುದ್ಧ ಮ್ಯೂಸಿಯಂಗೆ ಎರಡೂವರೆ ಗಂಟೆ ಬೇಕು. ಚಳಿಗಾಲದಲ್ಲಿ ಸೋಮವಾರ ರಜೆ.

ಇನ್ನು ಭಾರತೀಯರ ಹೆಸರುಗಳ ವಿಚಾರ. ಮೆನಿನ್ ಗೇಟ್‌ನಲ್ಲಿ ಕೆಲವು ನೂರು ಇವೆ. ಆದರೆ ನಮ್ಮವರ ಮುಖ್ಯ ಸ್ಮಾರಕ ಇರುವುದು ಗಡಿಯಾಚೆ, ಸುಮಾರು 40 ಕಿ.ಮೀ. ದೂರದ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ. 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ಜರ್ಮನರ ಮೇಲೆ ನಡೆದ ಬ್ರಿಟಿಷ್ ದಾಳಿಯ ಸೈನ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಭಾರತೀಯರೇ. ಹರ್ಬರ್ಟ್ ಬೇಕರ್ ವಿನ್ಯಾಸದ ಸ್ಮಾರಕ 1927ರದ್ದು: ದುಂಡನೆಯ ಆವರಣ, ಅರ್ಧ ಸುತ್ತಿಗೆ ಕಲ್ಲಿನ ಜಾಲಂಧ್ರ, ಉಳಿದರ್ಧ ಹೆಸರಿನ ಗೋಡೆ, ತಲೆಯ ಮೇಲೆ ಕಮಲ ಹೊತ್ತ ಸುಮಾರು 15 ಮೀಟರ್ ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಹುಲಿ. ಸೈನಿಕರು, ಕೂಲಿಗಳು ಸೇರಿ 4,700ಕ್ಕೂ ಹೆಚ್ಚು ಹೆಸರುಗಳಿವೆ.

ಇಲ್ಲಿ ಬರಿಗೈಲಿ ಹೋಗಿ ಹೆಸರು ಹುಡುಕಲಾಗದು. ಪಟ್ಟಿ ಇರುವುದು ರೆಜಿಮೆಂಟ್ ಪ್ರಕಾರ, ಅದರೊಳಗೆ ದರ್ಜೆ ಪ್ರಕಾರ: ಸುಬೇದಾರ್, ಜಮಾದಾರ್, ಹವಾಲ್ದಾರ್, ನಾಯಕ್, ಸಿಪಾಯಿ. ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ಜಾಲತಾಣದಲ್ಲಿ ಮೊದಲೇ ಹುಡುಕಿ ಫಲಕದ ವಿವರ ಬರೆದುಕೊಂಡು ಹೋಗಬೇಕು. ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡಿ. ಈ ಕದನದಲ್ಲಿ ಮಡಿದು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಗಢವಾಲಿ ಸೈನಿಕ ಗಬರ್ ಸಿಂಗ್ ನೇಗಿಯವರ ಹೆಸರೇ ಅಂದಿನ ಬ್ರಿಟಿಷ್ ಗೆಜೆಟ್‌ನಲ್ಲಿ ‘ಗೋಬರ್ ಸಿಂಗ್’ ಆಗಿದೆ! ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಹೆಸರನ್ನಂತೂ ಇಲ್ಲಿ ಹುಡುಕಬೇಡಿ. ಅವರು ಹೋರಾಡಿದ್ದು ಸೂಯೆಜ್ ಮತ್ತು ಪ್ಯಾಲೆಸ್ಟೈನ್ ಕಡೆ. ಅಲ್ಲಿನ ಹೈಫಾ ಪಟ್ಟಣ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು.

ನವ್ ಶಾಪೆಲ್‌ಗೆ ಕಾರೇ ಗತಿ. ಸ್ಮಾರಕ ಇರುವುದು ಹೊಲಗಳ ನಡುವಿನ ರಸ್ತೆ ಕೂಡುವಲ್ಲಿ. ಅಂಗಡಿಯಿಲ್ಲ, ಶೌಚಾಲಯವಿಲ್ಲ, ಈಪರ್‌ನಲ್ಲೇ ಎಲ್ಲ ಮುಗಿಸಿಕೊಂಡು ಹೊರಡಿ. ಷೆಂಗೆನ್ ವೀಸಾ ಎರಡೂ ದೇಶಕ್ಕೆ ಸಲ್ಲುತ್ತದೆ, ಆದರೂ ಪಾಸ್‌ಪೋರ್ಟ್ ಜೊತೆಗಿರಲಿ. ಕಾರು ಓಡಿಸುವವರು ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡಿರಬೇಕು. ಅಲ್ಲಿ ಬಲಬದಿಯ ಸಂಚಾರ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ನಿಯಮ: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದು ಅದು ಸಣ್ಣ ಓಣಿಯಿಂದ ಬಂದರೂ ಅಷ್ಟೇ. ಹಳ್ಳಿಗಾಡಿನಲ್ಲಿ ಕಾರುಗಳ ಪಕ್ಕೆಗೆ ಏಟು ಬೀಳುವುದು ಇದರಿಂದ.

ಉಳುವಾಗ ಎದ್ದ ಹಳೆಯ ಷೆಲ್‌ಗಳನ್ನು ರೈತರು ಹೊಲದ ಬದುವಿನಲ್ಲಿಟ್ಟು ಬಾಂಬ್ ನಿಷ್ಕ್ರಿಯ ದಳಕ್ಕೆ ತಿಳಿಸುತ್ತಾರೆ. ನೂರು ವರ್ಷದ ತುಕ್ಕು ಹಿಡಿದಿದ್ದರೂ ಕೆಲವದರೊಳಗೆ ವಿಷಾನಿಲವಿರುತ್ತದೆ. ಕಾಲಿನಿಂದಲೂ ಮುಟ್ಟಬೇಡಿ. ನೆನಪಿಗೆಂದು ಕೊಂಡ ಖಾಲಿ ಕವಚವೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪ್ರವಾಸದ ಅರ್ಧ ದಿನ ಅಲ್ಲೇ ಕಳೆದಂತೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಬೆಲ್ಜಿಯಂನ ಆಲೂ ಫ್ರೈಸನ್ನು ಅನೇಕ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆ ಯಾವುದೆಂದು ಕೇಳಿಯೇ ಕೊಳ್ಳಿ. ಕಹಳೆ ಮುಗಿಯುವ ಹೊತ್ತಿಗೆ ಹಲವು ಅಡುಗೆಮನೆ ಮುಚ್ಚುವ ತಯಾರಿಯಲ್ಲಿರುತ್ತವೆ, ಆದ್ದರಿಂದ ಊಟ ಆರಕ್ಕೇ ಆಗಲಿ.

ಪ್ಯಾಕೇಜ್‌ಗೆ ಹಣ ಕಟ್ಟುವ ಮುನ್ನ ಟೂರಿನವರಿಗೆ ಎರಡು ಪ್ರಶ್ನೆ ಹಾಕಿ: ಈಪರ್‌ನಲ್ಲಿ ರಾತ್ರಿ ತಂಗುತ್ತೀರಾ? ಬಸ್ ನವ್ ಶಾಪೆಲ್‌ಗೆ ಹೋಗುತ್ತದೆಯೇ? ಎರಡಕ್ಕೂ ‘ಇಲ್ಲ’ ಎಂದರೆ ಆ ಮುಕ್ಕಾಲು ಗಂಟೆಯನ್ನು ಬ್ರೂಜ್‌ನಲ್ಲೇ ಕಳೆಯಲು ಬಿಡಿ ಎಂದು ಕೇಳಬಹುದು.

– ಓದುಗರು, ಮೈಸೂರು