ಬೆರಳು ಬಿಳಿಚಿದಾಗಲೇ ರೋಗ ಗುರುತಿಸುವಂತಾಗಲಿ

ಮಾನ್ಯ ಸಂಪಾದಕರೇ,

ಸ್ಕ್ಲಿರೋಡರ್ಮಾ ಅಥವಾ ಸಿಸ್ಟಮಿಕ್ ಸ್ಕ್ಲಿರೋಸಿಸ್ ಎಂಬ ಅಪರೂಪದ ಕಾಯಿಲೆಯತ್ತ ನಮ್ಮ ಭಾಗದ ಆರೋಗ್ಯ ಇಲಾಖೆ ಗಮನ ಹರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆಯಲ್ಲಿ ಅತಿ ಸಣ್ಣ ರಕ್ತನಾಳಗಳು ಹಾಳಾಗಿ, ಚರ್ಮ ಗಡುಸಾಗಿ ಬಿಗಿಯುತ್ತದೆ. ಕ್ರಮೇಣ ಅನ್ನನಾಳ, ಶ್ವಾಸಕೋಶ, ಹೃದಯ ಮತ್ತು ಮೂತ್ರಪಿಂಡಗಳಿಗೂ ಪೆಟ್ಟು ಬೀಳುತ್ತದೆ. ಇದು ಅಂಟುರೋಗವಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ, ಅದರಲ್ಲೂ 30ರಿಂದ 50ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ.

ಬಹುತೇಕರಲ್ಲಿ ಇದರ ಮೊದಲ ಸೂಚನೆ ಬೆರಳುಗಳಲ್ಲಿಯೇ ಇರುತ್ತದೆ. ತಣ್ಣೀರು ಮುಟ್ಟಿದಾಗ ಬೆರಳು ಬಿಳಿಚಿ, ನೀಲಿಗಟ್ಟಿ, ಮತ್ತೆ ಕೆಂಪಾಗುವ ಈ ಲಕ್ಷಣವನ್ನು ಫ್ರಾನ್ಸಿನ ವೈದ್ಯ ಮೋರಿಸ್ ರೇನೋ 1862ರಲ್ಲಿಯೇ ವಿವರಿಸಿದ್ದರು. ಹೀಗಾದವರಿಗೆಲ್ಲ ಸ್ಕ್ಲಿರೋಡರ್ಮಾ ಬರುತ್ತದೆಂದಲ್ಲ. ಆದರೆ ಅದರ ಜೊತೆಗೆ ಬೆರಳು ಊದಿಕೊಂಡರೆ, ತುದಿಯಲ್ಲಿ ಹುಣ್ಣಾದರೆ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬಿದ್ದಿರುವ ಸುಳಿವು ನೀಡುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಚಳಿಗೆ ಸಂಬಂಧಿಸಿದ ಲಕ್ಷಣವನ್ನು ಯಾರೂ ನಿರೀಕ್ಷಿಸುವುದಿಲ್ಲ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳ ಬೆರಳುಗಳಲ್ಲಿ ಗಾಯಗಳಿರುವುದು ಸಾಮಾನ್ಯವಾದ್ದರಿಂದ ಹುಣ್ಣನ್ನೂ ಕೆಲಸದ ಗಾಯವೆಂದೇ ತಳ್ಳಿಹಾಕಲಾಗುತ್ತದೆ. ನನ್ನ ಅತ್ತಿಗೆಗೆ ಆದದ್ದೂ ಇದೇ. ಎದೆಯುರಿಗೆ ಗ್ಯಾಸಿನ ಮಾತ್ರೆ, ಕೈನೋವಿಗೆ ವಾತದ ಮಾತ್ರೆ, ದಮ್ಮಿಗೆ ಮತ್ತೊಂದು ಎಂದು ಒಬ್ಬೊಬ್ಬ ವೈದ್ಯರು ಒಂದೊಂದು ತೊಂದರೆಗೆ ಔಷಧ ಬರೆದರು. ಎಲ್ಲವೂ ಒಂದೇ ಕಾಯಿಲೆಯೆಂದು ತಿಳಿಯುವ ಹೊತ್ತಿಗೆ ಶ್ವಾಸಕೋಶಕ್ಕೆ ಹಾನಿಯಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಮೂತ್ರಪಿಂಡದ ಬಿಕ್ಕಟ್ಟಿಗೆ. ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿ, ತಲೆನೋವು ಬಂದು, ಕಣ್ಣು ಮಂಜಾಗಿ, ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೈಕೊಡಬಹುದು. 1970ರ ದಶಕದ ಕೊನೆಯಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಬಿ.ಪಿ. ಔಷಧ ಬಳಕೆಗೆ ಬರುವವರೆಗೂ ಈ ಹಂತ ತಲುಪಿ ಬದುಕುಳಿದವರು ವಿರಳ. ಇಂದು ಆ ಗುಂಪಿನ ಅಗ್ಗದ ಬಿ.ಪಿ. ಮಾತ್ರೆಗಳನ್ನು ವೈದ್ಯರು ತಕ್ಷಣ ಆರಂಭಿಸಿದರೆ ಹಲವರ ಜೀವ ಉಳಿಯುತ್ತದೆ. ದಿನಕ್ಕೆ 15 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಸೇವಿಸುವವರಲ್ಲಿ ಈ ಅಪಾಯ ಹೆಚ್ಚೆಂಬುದು ವೈದ್ಯಲೋಕಕ್ಕೆ ತಿಳಿದ ವಿಷಯ. ಕೈಕಾಲು ನೋವೆಂದವರಿಗೆಲ್ಲ ಸ್ಟಿರಾಯ್ಡ್ ಮಾತ್ರೆ ಕೊಟ್ಟು ಕಳಿಸುವ ಅಭ್ಯಾಸ ಈ ರೋಗಿಗಳ ಪಾಲಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ಜಿಲ್ಲೆಗಳಿಗೆ ಇದರಲ್ಲಿ ವಿಶೇಷ ಕಾಳಜಿ ಇರಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಸ್ಕ್ಲಿರೋಡರ್ಮಾ ಕಾಣಿಸಿಕೊಂಡಿದ್ದನ್ನು ಎರಾಸ್ಮಸ್ ಎಂಬ ವೈದ್ಯರು 1957ರಲ್ಲಿ ವರದಿ ಮಾಡಿದ್ದರು. ಕಲ್ಲು ಒಡೆಯುವಾಗ, ಕೊರೆಯುವಾಗ ಏಳುವ ಸಿಲಿಕಾ ದೂಳಿಗೂ ಈ ಕಾಯಿಲೆಗೂ ನಂಟಿರುವುದನ್ನು ನಂತರದ ಅಧ್ಯಯನಗಳೂ ತೋರಿಸಿವೆ. ಹಟ್ಟಿಯ ಚಿನ್ನದ ಗಣಿ, ಕುಷ್ಟಗಿ ಸುತ್ತಲಿನ ಗ್ರಾನೈಟ್ ಕ್ವಾರಿಗಳು, ಸಂಡೂರಿನ ಅದಿರಿನ ಗುಡ್ಡಗಳು ನಮ್ಮಲ್ಲಿಯೇ ಇವೆ. ಇಲ್ಲಿ ಈ ರೋಗ ಹರಡಿದೆ ಎಂದು ನಾನು ಹೇಳುತ್ತಿಲ್ಲ. ಕಾರ್ಮಿಕರ ನಿಯತ ತಪಾಸಣೆಯಲ್ಲಿ ಎದೆಯ ಎಕ್ಸ್-ರೇ ಜೊತೆಗೆ ಕೈಬೆರಳನ್ನೂ ನೋಡಲಿ, ದಿನಗೂಲಿಗೆ ಕಲ್ಲು ಒಡೆಯುವವರನ್ನೂ ಆ ತಪಾಸಣೆಗೆ ಒಳಪಡಿಸಲಿ ಎಂಬುದಷ್ಟೇ ನನ್ನ ಮನವಿ.

ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿ ಬಹುಪಾಲು ಆನುವಂಶಿಕ ಕಾಯಿಲೆಗಳನ್ನೇ ಗಮನದಲ್ಲಿಟ್ಟುಕೊಂಡಿದೆ. ಹಾಗಾಗಿ ರಾಜ್ಯ ಸರ್ಕಾರವೇ ಮುಂದಾಗಬೇಕು. ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆಯಾದರೂ ರುಮಟಾಲಜಿ (ಕೀಲು ಮತ್ತು ಇಂಥ ರೋಗನಿರೋಧಕ ತೊಂದರೆಗಳ ಚಿಕಿತ್ಸೆ) ತಜ್ಞರು ರೋಗಿಗಳನ್ನು ನೋಡುವ ವ್ಯವಸ್ಥೆಯಾಗಲಿ. ಅದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬಳಸಿಕೊಳ್ಳಲಿ. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿಬರುವ ಶಕ್ತಿ ಕೂಲಿ ಕುಟುಂಬಗಳಿಗಿಲ್ಲ. ರೋಗ ಪತ್ತೆಯಾದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನಿಯಮಿತವಾಗಿ ಬಿ.ಪಿ. ಮತ್ತು ಮೂತ್ರ ಪರೀಕ್ಷೆ ನಡೆಯಲಿ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಸುತ್ತೋಲೆ ಸಾಕು.

— ಓದುಗ, ಲಿಂಗಸುಗೂರು, ರಾಯಚೂರು ಜಿಲ್ಲೆ