ಅಮ್ಮನ ಕಿವೀಲಿ ಇನ್ನೂ ಉಳಿದಿರೋದು

ಹ್ಯಾನೋವರ್, ಜರ್ಮನಿ

ಅಪ್ಪಯ್ಯಂಗೆ ನಮಸ್ಕಾರ,

ಇಲ್ಲಿ ನಾವೆಲ್ಲ ಆರಾಮ. ತೀರ್ಥಹಳ್ಳಿ ಕಡೆ ಮಳೆ ಬಿಡ್ತಾನೇ ಇಲ್ಲ ಅಂತ ಅಣ್ಣ ಹೇಳ್ದ, ತೋಟಕ್ಕೆ ಔಷಧಿ ಹೊಡೆಯೋದು ಒಂದು ಸುತ್ತಾದ್ರೂ ಮುಗೀತಾ? ಅಮ್ಮನ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಒಳಕಿವಿಗೆ ತಂತಿ ಹಾಕಿ ಶಬ್ದ ಮುಟ್ಟಿಸೋ ಮೆಷಿನ್, ಕೂರಿಸೋ ಆಪರೇಶನ್ ವಿಷ್ಯ ಫೋನಲ್ಲಿ ಮಾತಾಡಿದ್ರೆ ಅರ್ಧಂಬರ್ಧ ಆಗತ್ತೆ, ಅದಕ್ಕೇ ಕೂತು ಬರೀತಿದೀನಿ, ಅಮ್ಮಂಗೂ ಓದಕ್ಕೆ ಕೊಡಿ.

ಮೊನ್ನೆ ನೀವು "ಹೇಗೂ ಮೆಷಿನ್ ಕೂರಿಸ್ತಾರಲ್ಲ, ಉಳಿದಿರೋ ಚೂರುಪಾರು ಹೋದ್ರೆ ಹೋಗ್ಲಿ ಬಿಡು" ಅಂದ್ರಿ. ಅಪ್ಪಯ್ಯ, ಅದನ್ನ ಮಾತ್ರ ಹಾಗೆ ಬಿಟ್ಟುಕೊಡಬೇಡಿ. ದಿನಾ ಇದೇ ಕೆಲಸ ಮಾಡೋಳಾಗಿ ಹೇಳ್ತಿದೀನಿ, ಆ ಚೂರುಪಾರು ಕೇಳ್ವಿಕೆನೇ ಅಮ್ಮಂಗೆ ದೊಡ್ಡ ಆಸ್ತಿ.

ಅಣ್ಣ ವಾಟ್ಸಾಪಲ್ಲಿ ಕಳಿಸಿದ ಆಡಿಯೋಗ್ರಾಮ್, ಅದೇ ಕಿವಿ ಪರೀಕ್ಷೆಯ ಗ್ರಾಫ್, ನೋಡ್ದೆ. ಅದರಲ್ಲಿ ಡೆಸಿಬೆಲ್ ಅಂಕೆ ಏರಿದಷ್ಟೂ ಕೇಳ್ವಿಕೆ ಕಮ್ಮಿ ಅಂತ. 250 ಹರ್ಟ್ಸ್ ಹತ್ರ 40 ಡೆಸಿಬೆಲ್, 500ಕ್ಕೆ 50, ಅಲ್ಲಿಂದ ಮುಂದೆ ಗೆರೆ ಸೀದಾ ಕೆಳಗೆ, 2000 ದಾಟಿದ ಮೇಲೆ ಏನೂ ಇಲ್ಲ ಅನ್ನೋ ಹಾಗೆ. ಅಂದ್ರೆ ದಪ್ಪ ದನಿ ಕೇಳತ್ತೆ, ಸಣ್ಣ ದನಿ, ಅಂದ್ರೆ ಕೀರಲು ದನಿ, ಕೇಳಲ್ಲ. ಅದಕ್ಕೇ ತಾಳಮದ್ದಳೆಗೆ ಹೋದ್ರೆ ಮದ್ದಳೆ ಕೇಳತ್ತೆ ತಾಳ ಕೇಳಲ್ಲ, ಕೊಟ್ಟಿಗೇಲಿ ದನ ಕೂಗಿದ್ದು ಗೊತ್ತಾಗತ್ತೆ ಕುಕ್ಕರ್ ಸೀಟಿ ಗೊತ್ತಾಗಲ್ಲ, ಅತ್ತಿಗೆ ಕರೆದಿದ್ದು ಕೇಳತ್ತೆ, ಏನಂದ್ಲು ಅಂತ ತಿಳಿಯಲ್ಲ, ಯಾಕಂದ್ರೆ ಸ, ಶ, ತ ಥರದ ಅಕ್ಷರಗಳೆಲ್ಲ ಮೇಲಿನ ಫ್ರೀಕ್ವೆನ್ಸಿಲೇ ಇರೋದು. ಹಿಯರಿಂಗ್ ಏಡ್ ಎಷ್ಟು ಜೋರು ಮಾಡಿದ್ರೂ ಅವು ಬರಲ್ಲ.

ಒಳಕಿವೀಲಿ ಕಾಕ್ಲಿಯಾ ಅಂತ ಇರತ್ತಲ್ಲ, ಬಸವನಹುಳದ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ಕೊಂಡಿರತ್ತೆ. ಬಾಗಿಲ ಹತ್ರ ಸಣ್ಣ ದನಿ, ತುದೀಲಿ ದಪ್ಪ ದನಿ. ಅಮ್ಮಂದು ಬಾಗಿಲ ಕಡೆ ಸತ್ತಿದೆ, ತುದಿ ಜೀವಂತ ಇದೆ. ಇಂಪ್ಲಾಂಟಿನ ತಂತಿ, ಎಲೆಕ್ಟ್ರೋಡ್ ಅಂತಾರೆ, ಬಾಗಿಲ ಕಡೆಯಿಂದಾನೇ ಒಳಗೆ ಹೋಗೋದು. ಒರಟಾಗಿ ತೂರಿಸಿದ್ರೆ ಒಳಗಿನ ತೆಳು ಪೊರೆ ಹರಿದು ತುದೀಲಿರೋದೂ ಹೋಗತ್ತೆ. ಮೊದಲೆಲ್ಲ ಹೋಗೋದೇ ಅಂತ ಲೆಕ್ಕ ಹಾಕ್ಬಿಡ್ತಿದ್ರು. 1993ರಲ್ಲಿ ನಮ್ಮ ಈ ಊರಲ್ಲೇ ಇದ್ದ ಲೇನ್‌ಹಾರ್ಟ್ ಅನ್ನೋ ಡಾಕ್ಟ್ರು ಮೆತ್ತಗೆ ಹೇಗೆ ಮಾಡಬೇಕು ಅಂತ ಬರೆದ್ರು, ಸಾಫ್ಟ್ ಸರ್ಜರಿ ಅಂತ. 1999ರಲ್ಲಿ ಫ್ರಾಂಕ್‌ಫರ್ಟ್‌ನ ಫಾನ್ ಇಲ್ಬರ್ಗ್ ಅನ್ನೋರು ಒಂದೇ ಕಿವೀಲಿ ಸಣ್ಣ ದನಿಗೆ ಇಂಪ್ಲಾಂಟು, ದಪ್ಪ ದನಿಗೆ ಹಿಯರಿಂಗ್ ಏಡು, ಎರಡೂ ಒಟ್ಟಿಗೆ ಕೊಡಬಹುದು ಅಂತ ತೋರಿಸಿದ್ರು. ಅಮ್ಮನ ಗ್ರಾಫ್ ನೋಡಿದ್ರೆ ಆ ದಾರಿಗೇ ಹೇಳಿ ಮಾಡಿಸಿದ ಹಾಗಿದೆ.

ಉಳಿದ್ರೆ ಏನು ಲಾಭ ಅಂದ್ರೆ, ಬರೀ ಇಂಪ್ಲಾಂಟಲ್ಲಿ ಮಾತು ತಿಳಿಯತ್ತೆ ಆದ್ರೆ ರಾಗ ಸರಿಯಾಗಿ ಹಿಡಿಯಕ್ಕಾಗಲ್ಲ, ಮದುವೆ ಮನೆ ಗಲಾಟೇಲಿ ಒಬ್ಬರ ದನಿ ಬೇರೆ ಮಾಡ್ಕೊಳ್ಳೋದು ಕಷ್ಟ. ದಪ್ಪ ದನಿ ಸಹಜವಾಗೇ ಉಳಿದಿದ್ರೆ ಅದೆಲ್ಲ ಸುಲಭ ಆಗತ್ತೆ. ಅಮ್ಮ ಭಜನೆಗೆ ಕೂತ್ಕೊಳ್ಳೋದು ಬಿಟ್ಟಿದಾಳಲ್ಲ, ನಂಗೆ ಅದೇ ಸಂಕಟ.

ಬೆಂಗಳೂರಿಗೆ ಹೋದಾಗ ಅಣ್ಣ ಡಾಕ್ಟ್ರನ್ನ ಬಾಯಿಬಿಟ್ಟು ಕೇಳ್ಬೇಕು, ಉಳಿದಿರೋ ಕೇಳ್ವಿಕೆ ಉಳಿಸೋ ಥರ ಮಾಡ್ತೀರಾ ಅಂತ. ರೌಂಡ್ ವಿಂಡೋ, ಅಂದ್ರೆ ಕಾಕ್ಲಿಯಾದಲ್ಲಿ ಸಹಜವಾಗೇ ಇರೋ ಕಿಂಡಿ, ಅದರ ಮೂಲಕ ಹಾಕ್ತಾರಾ, ತೆಳು ಬಳುಕೋ ಎಲೆಕ್ಟ್ರೋಡಾ, ನಿಧಾನಕ್ಕೆ ತೂರಿಸ್ತಾರಾ (ಇದರಲ್ಲಿ ಅವಸರ ಮಾಡಲೇಬಾರದು), ಬಾವು ಬರದ ಹಾಗೆ ಸ್ಟಿರಾಯ್ಡ್ ಕೊಡ್ತಾರಾ. ಎಲೆಕ್ಟ್ರೋಡ್ ಉದ್ದದ್ದು ಒಂದು ತಕರಾರಿನ ವಿಷ್ಯ. ಗಿಡ್ಡ ಹಾಕಿದ್ರೆ ತುದಿಗೆ ತಾಗಲ್ಲ, ಒಳ್ಳೇದೇ, ಆದ್ರೆ ಮುಂದೆ ಆ ಕೇಳ್ವಿಕೆ ಹೋಗ್ಬಿಟ್ರೆ ಗಿಡ್ಡ ತಂತಿ ಒಂದೇ ಸಾಲದೆ ಹೋಗಬಹುದು. ನನ್ನ ಮನಸ್ಸು ಮಧ್ಯಮ ಉದ್ದದ್ದರ ಕಡೆ, ಸ್ಕ್ಯಾನಲ್ಲಿ ಕಾಕ್ಲಿಯಾ ಅಳತೆ ನೋಡಿ ಡಾಕ್ಟ್ರು ಏನಂತಾರೋ ಅದು.

ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಅಪ್ಪಯ್ಯ. ಎಷ್ಟು ಚೆನ್ನಾಗಿ ಮಾಡಿದ್ರೂ ಕೆಲವರಿಗೆ ಹೋಗತ್ತೆ, ಕೆಲವರಿಗೆ ಆಗ ಉಳಿದು ತಿಂಗಳುಗಟ್ಟಲೆ ಆದ್ಮೇಲೆ ಕಮ್ಮಿ ಆಗತ್ತೆ. ಹೋದ್ರೂ ಇಂಪ್ಲಾಂಟ್ ಕೆಲಸ ಮಾಡತ್ತೆ, ಅಮ್ಮ ಹೆದರೋದು ಬೇಡ. ಆಪರೇಶನ್ ಆದ ಹೊಸದ್ರಲ್ಲಿ ಒಳಗೆ ರಕ್ತ ನೀರು ತುಂಬ್ಕೊಂಡು ಕಿವಿ ಕಟ್ಟಿದ ಹಾಗಿರತ್ತೆ, ಆಗಲೇ ಹೋಯ್ತು ಅಂತ ಅಳ್ಬಾರ್ದು. ಮೆಷಿನ್ ಆನ್ ಮಾಡೋ ದಿನ ಮತ್ತೆ ಆಡಿಯೋಗ್ರಾಮ್ ಮಾಡಿಸಿ, ಆಮೇಲೂ ಆಗಾಗ, ಹೊರಗಿನ ಮೆಷಿನ್ ತೆಗೆದಿಟ್ಟು. ತಟ್ಟನೆ ಕಮ್ಮಿ ಅನ್ನಿಸಿದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ, ವಾರ ಬಿಟ್ಟು ಹೋಗೋದಲ್ಲ.

ಅಡಿಕೆ ಸುಲಿಯೋ ಮೆಷಿನ್ ಹತ್ರ ಅಮ್ಮನ್ನ ಕೂರಿಸ್ಬೇಡಿ. ಯಾವುದೇ ಆಸ್ಪತ್ರೇಲಿ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕೊಡೋ ಮುಂಚೆ ಕಿವಿ ವಿಷ್ಯ ಹೇಳಿ, ಅವು ಒಳಕಿವಿಗೆ ಕೆಟ್ಟದ್ದು. ನ್ಯುಮೋಕಾಕಲ್ ಲಸಿಕೆ ಆಪರೇಶನ್ನಿಗೆ ಮುಂಚೆನೇ ಆಗಿರ್ಬೇಕು, ಮೆದುಳುಜ್ವರ ಬರದಿರಲಿ ಅಂತ. ಇನ್ನೊಬ್ಬರ ಅಭಿಪ್ರಾಯ ಬೇಕಂದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ, ದೂರ ಆದ್ರೂ ಸರಿ.

ಡಾಕ್ಟ್ರನ್ನ ಕಾಣೋ ದಿನ ಅಣ್ಣ ವಿಡಿಯೋ ಕಾಲ್ ಮಾಡ್ಲಿ, ನಮಗೆ ಬೆಳಗಿನ ಜಾವ ಆದ್ರೂ ಎದ್ದಿರ್ತೀನಿ. ಯಾವ ಎಲೆಕ್ಟ್ರೋಡ್ ಅಂತ ಹೆಸರು ಬರೆಸ್ಕೊಂಡು ನಂಗೆ ಕಳಿಸೋ ತನಕ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ.

ನಿಮ್ಮ,
ಪುಟ್ಟಿ